ಓಗೊಟ್ಟ ಮಗುವಿಗೆ ಮಾತ್ರ ಒಳಗೆ ಪ್ರವೇಶ

ನಮ್ಮ ಮಕ್ಕಳ ಕಿವಿ ಚಿಕಿತ್ಸಾಲಯದಲ್ಲಿ ಶಿಸ್ತಿಗೆ ಮೊದಲ ಸ್ಥಾನ, ಕಿವಿಗೆ ಎರಡನೆಯದು. ಹೆಸರು ಕೂಗಿದಾಗ ಮಗು ತಾನೇ ಓಗೊಡಬೇಕು. ಒಮ್ಮೆ ಯಾರದೋ ಹೆಸರಿಗೆ ಇನ್ಯಾರದೋ ತಾಯಿ ಎದ್ದು ಹೋಗಿ, ಸುಮ್ಮನೆ ಜೊತೆಗೆ ಬಂದಿದ್ದ ಮಗುವಿನ ಅಣ್ಣನ ಕಿವಿಗೆ ಔಷಧಿ ಬಿದ್ದ ಮೇಲೆ ಮೇಟ್ರನ್ ಆದ ನಾನೇ ಈ ನಿಯಮ ತಂದೆ.

ದರ್ಜಿಯೊಬ್ಬಳ ಮೂರು ವರ್ಷದ ಮಗಳಿಗೆ ಕಿವಿತಮಟೆಯ ಹಿಂದೆ ತಿಂಗಳುಗಟ್ಟಲೆ ನೀರು ನಿಂತಿತ್ತು. ಮಾತು ಬಂದಿರಲಿಲ್ಲ. ಪುಟ್ಟ ಕೊಳವೆ ಇಟ್ಟು ನೀರು ಇಳಿಸಿದರೆ ಬಂದೀತು, ತಡವಾದಷ್ಟೂ ಹಿಂದೆ ಬೀಳುತ್ತಾಳೆ ಎಂದು ಅವರ ಊರಿನ ಡಾಕ್ಟರು ನಮ್ಮಲ್ಲಿಗೆ ಕಳಿಸಿದ್ದರು. ಕೊಳವೆ ಇಡುವವರು ನಮ್ಮ ಡಾಕ್ಟರೊಬ್ಬರೇ.

ಜವಾನ ಹೆಸರು ಕೂಗಿದ. ಮಗು ಬೆಂಚಿನ ಮೇಲೆ ಕಾಲಾಡಿಸುತ್ತ ಹಲ್ಲಿ ನೋಡುತ್ತಿತ್ತು.

"ಇಲ್ಲೇ ಇದ್ದಾಳಲ್ಲಣ್ಣಾ!" ಎಂದಳು ತಾಯಿ.

"ಅವಳೇ ಓ ಅನ್ಬೇಕಮ್ಮಾ."

"ಕಿವಿ ಕೇಳ್ಸಲ್ಲ ಅಂತಾನೇ ಕರ್ಕೊಂಡು ಬಂದಿರೋದು!"

"ಅದನ್ನ ಒಳಗೆ ಡಾಕ್ಟರ ಹತ್ರ ಹೇಳಿ."

"ಹಾಗಾದ್ರೆ ಒಳಗೆ ಬಿಡಿ ಮತ್ತೆ."

"ಓ ಅಂದ್ರೆ ಬಿಡ್ತೀನಿ."

ನಾನು ಗೈರುಹಾಜರಿ ಹಾಕಿದೆ. ಮುಂದಿನ ತಿಂಗಳೂ ಅದೇ. ತಾಯಿ ಅತ್ತಳು. ನಾನು ಕರವಸ್ತ್ರ ಕೊಟ್ಟು, ಒಗೆದು ಇಸ್ತ್ರಿ ಮಾಡಿ ಹಿಂತಿರುಗಿಸಬೇಕೆಂದೆ.

ಮೂರನೆಯ ಸಲ ಮನೆಯಲ್ಲಿ ಅಭ್ಯಾಸ ಮಾಡಿಸಿ ತಂದಿದ್ದಳು. ಜವಾನ ಕೂಗಿದ. ತಾಯಿ ಮಗುವಿನ ಬೆನ್ನು ತಟ್ಟಿದಳು. "ಓ!" ಎಂದು ಮಗು ಕಿಟಕಿ ಅದುರುವಂತೆ ಕಿರುಚಿತು. ಒಳಗೆ ಬಿಟ್ಟೆವು.

"ಕರೆದ ತಕ್ಷಣ ಓಗೊಟ್ಟಿದಾಳೆ. ಕಿವಿ ಭೇಷಾಗಿದೆ. ಕೊಳವೆ ಯಾಕಮ್ಮಾ?" ಎಂದರು ಡಾಕ್ಟರು.

"ಅಯ್ಯೋ, ನಾನು ತಟ್ಟಿದ್ದು ಸಾರ್!"

ನಾನು ಮಧ್ಯೆ ಬರಲೇಬೇಕಾಯಿತು. "ನೋಡಮ್ಮಾ, ತಟ್ಟಿದ್ರೆ ಇವಳು ಗೈರುಹಾಜರಿ. ಮೂರನೆಯದು, ಹೆಸರು ಹೊಡೆದುಹಾಕ್ತೀವಿ. ತಟ್ಟಿಲ್ಲ ಅಂದ್ರೆ ಗುಣವಾಗಿದಾಳೆ. ಯಾವುದು ಬೇಕು?"

ತಾಯಿ ಬಹಳ ಹೊತ್ತು ಯೋಚಿಸಿ, ಗುಣವಾಗಿದ್ದನ್ನೇ ತೆಗೆದುಕೊಂಡಳು.

ಈಗ ಬೆಂಚಿನ ಮೇಲೆ ತಾಯಂದಿರು ಒಬ್ಬರಿಗೊಬ್ಬರು ತಟ್ಟುವುದನ್ನು ಹೇಳಿಕೊಡುತ್ತಾರೆ. ಮಕ್ಕಳೆಲ್ಲ ಓಗೊಟ್ಟು, ಗುಣವಾಗಿ, ಊಟದ ಹೊತ್ತಿಗೆ ಮನೆ ಸೇರುತ್ತಾರೆ. ಕೊಳವೆಗಳ ಪೆಟ್ಟಿಗೆ ತೆರೆದೇ ಇಲ್ಲ. ಇಷ್ಟು ಮಿತವ್ಯಯದಲ್ಲಿ ಇಷ್ಟು ಮಕ್ಕಳನ್ನು ಗುಣಪಡಿಸಿದ್ದಕ್ಕೆ ಇಲಾಖೆಯ ಪ್ರಶಸ್ತಿಯೂ ಬಂತು.

ಸಮಾರಂಭದಲ್ಲಿ ದರ್ಜಿಯ ಮಗಳನ್ನೇ ವೇದಿಕೆಗೆ ಹತ್ತಿಸಿ, ಚಿಕಿತ್ಸಾಲಯದ ಬಗ್ಗೆ ಎರಡು ಮಾತಾಡಲು ಮೈಕ್ ಹಿಡಿದೆವು. ಮಗು ಮೈಕನ್ನು ಮುಟ್ಟಿ ನೋಡಿತು. ಸಭೆ ಕಾಯಿತು.

ಮಗುವಿನ ಬಾಯಿಂದ ನಮ್ಮ ವಿರುದ್ಧ ಒಂದೇ ಒಂದು ದೂರೂ ಬರಲಿಲ್ಲವೆಂದು ಅಧ್ಯಕ್ಷರು ಘೋಷಿಸಿದರು. ತಾಯಿಯೂ ಎದ್ದು ನಿಂತು ಚಪ್ಪಾಳೆ ತಟ್ಟಿದಳು.