ಓಡುವ ಮನೆಯಲ್ಲಿ ಗೀಸರ್ ಹಾಕುವ ಹೊತ್ತು

ಬಿಸಿನೀರಿನ ವಿಷಯದಲ್ಲಿ ನಮ್ಮ ಮನೆಯಲ್ಲಿ ಯಾರೂ ನನ್ನ ಮಾತನ್ನು ನಂಬುವುದಿಲ್ಲ. ಇದನ್ನು ಹೇಳಿಕೊಳ್ಳುವುದಕ್ಕೆ ನಾಚಿಕೆಯಾಗುತ್ತದೆ. ಏಕೆಂದರೆ ನಾನು ಪೀಣ್ಯದ ಕಡೆಯ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಮೂವತ್ತನಾಲ್ಕು ವರ್ಷ ಹೀಟ್ ಟ್ರೀಟ್‌ಮೆಂಟ್ ವಿಭಾಗದಲ್ಲಿದ್ದವನು. ಉಕ್ಕಿನ ಭಾಗಗಳನ್ನು ಕುಲುಮೆಯಲ್ಲಿಟ್ಟು ಕೆಂಪಗೆ ಕಾಯಿಸಿ, ಅದೇ ಕಾವಿನಲ್ಲಿ ಗೊತ್ತಾದಷ್ಟು ಹೊತ್ತು ನೆನೆಯಲು ಬಿಟ್ಟು, ಆಮೇಲೆ ಎಣ್ಣೆಯಲ್ಲೋ ಗಾಳಿಯಲ್ಲೋ ತಣಿಸುವುದು ನಮ್ಮ ಕೆಲಸ. ಹೀಗೆ ನೆನೆಯಲು ಬಿಡುವ ಹೊತ್ತಿಗೆ ನಾವು ಸೋಕಿಂಗ್ ಟೈಮ್ ಎನ್ನುತ್ತಿದ್ದೆವು. ಅದನ್ನು ಐದು ನಿಮಿಷ ಕಡಿಮೆ ಮಾಡಿದರೂ ಕೆಲಸ ಕೆಟ್ಟಂತೆ. ಅಷ್ಟು ದೊಡ್ಡ ಕುಲುಮೆ ಮೂವತ್ತನಾಲ್ಕು ವರ್ಷ ನನ್ನ ಮಾತು ಕೇಳಿತು. ಮನೆಯ ಹದಿನೈದು ಲೀಟರಿನ ಗೀಸರ್ ಮಾತ್ರ ಕೇಳಲಿಲ್ಲ. ನೀರು ಕಾದ ಮೇಲೂ ಸೋಕಿಂಗ್ ಆಗಲಿ ಎಂದು ನಾನು ಕಾಯಿಸುತ್ತಿದ್ದೆ. ನನ್ನ ಹೆಂಡತಿ ಪದ್ಮ, "ನೀರಿಗೆಂಥ ಸೋಕಿಂಗ್ ರೀ, ನೀರೇ ನೆನೆಯುತ್ತಾ?" ಎಂದು ಸ್ವಿಚ್ ಆರಿಸಿ ಒಳಗೆ ಹೋಗುತ್ತಿದ್ದಳು. ಈ ವಾದ ಶುರುವಾಗಿ ಇಪ್ಪತ್ತೈದು ವರ್ಷವಾದರೂ ತೀರ್ಪು ಬಂದಿಲ್ಲ.

ಹೀಗಿರುವಾಗ ನನಗೊಂದು ಅವಕಾಶ ಒದಗಿ ಬಂತು. ಪದ್ಮಳ ತಂಗಿಯ ಗಂಡ ನಾಗರಾಜನಿಗೆ ಪೀಣ್ಯದ ಎರಡನೇ ಹಂತದಲ್ಲಿ ಬಸ್ಸು, ಟೆಂಪೋಗಳಿಗೆ ಬಾಡಿ ಕಟ್ಟುವ ಶೆಡ್ಡಿದೆ. ಅವನು ಒಂದು ಹಳೆಯ ಟೆಂಪೋ ಟ್ರಾವೆಲರನ್ನು ಮೋಟಾರ್ ಹೋಮ್ ಮಾಡಿದ್ದ. ಎರಡು ಮಂಚ, ಒಂದು ಒಲೆ, ಬೀರುವಿನಷ್ಟಗಲದ ಒಂದು ಬಚ್ಚಲು, ಅದಕ್ಕೊಂದು ಗ್ಯಾಸ್ ಗೀಸರ್. ಗಾಡಿ ತಗೊಳ್ಳುವ ಗಿರಾಕಿಗೆ ಎಲ್ಲ ಅರ್ಥವಾಗಿತ್ತು, ಗೀಸರ್ ಯಾವಾಗ ಹಾಕಬೇಕು ಎಂಬುದೊಂದು ಬಿಟ್ಟು. "ಭಾವ, ನೀವು ಕಾವಿನ ಮನುಷ್ಯರು. ಒಂದು ಹಾಳೇಲಿ ಸೂಚನೆ ಬರ್ಕೊಡಿ, ಬಚ್ಚಲ ಬಾಗಿಲಿಗೆ ಅಂಟಿಸ್ತೀನಿ" ಎಂದು ನಾಗರಾಜ ಕೇಳಿಕೊಂಡ. ಎಷ್ಟೋ ವರ್ಷದ ಮೇಲೆ ಒಬ್ಬರು ನನ್ನನ್ನು ಈ ವಿಷಯದಲ್ಲಿ ಕೇಳಿದ್ದರು. ನಾನು ಅದೇ ದಿನ ಶೆಡ್ಡಿಗೆ ಹೋಗಿ ನಾಲ್ಕು ಹಾಳೆ ಬರೆದೆ. ಮೊದಲ ಹಾಳೆ ಪೂರ್ತಿ 'ಉದ್ದೇಶ'. ನಾಗರಾಜ ಪಕ್ಕದಲ್ಲಿ ನಿಂತು, "ಭಾವ, ಇನ್ನೊಂದು ವಿಷ್ಯ, ಈ ಇಂಜಿನ್ನಿಂದ ಒಂದು ಪೈಪು..." ಎಂದು ಏನೋ ಶುರು ಮಾಡಿದ. "ಸ್ವಲ್ಪ ಸುಮ್ನಿರಪ್ಪ, ಬರೀತಾ ಇದೀನಿ" ಎಂದೆ. ಅವನು ಪಾಪ, ಗಾಡಿ ನೋಡಲು ನನ್ನ ಜೊತೆ ಬಂದಿದ್ದ ಪದ್ಮಳ ಕಡೆ ತಿರುಗಿ ಉಳಿದದ್ದನ್ನು ಹೇಳಿದ. ನಾನು ಕಿವಿಗೊಡಲಿಲ್ಲ.

ಬರೆದದ್ದನ್ನು ಪರೀಕ್ಷಿಸದೆ ಕೊಡುವ ಅಭ್ಯಾಸ ನಮ್ಮ ವಿಭಾಗದಲ್ಲಿ ಇರಲಿಲ್ಲ. ಆ ಭಾನುವಾರವೇ ಹೆಬ್ಬಗೋಡಿಯಲ್ಲಿ ಪದ್ಮಳ ತಮ್ಮ ರವಿಯ ಮಗನಿಗೆ ನಾಮಕರಣವಿತ್ತು. ಮುಹೂರ್ತ ಒಂಬತ್ತೂ ಮುಕ್ಕಾಲಿಗೆ. ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಹಿರಿಯ ಸೋದರತ್ತೆ, ಅಂದರೆ ಪದ್ಮ. ಅವಳಿಗಿರುವುದು ಒಬ್ಬನೇ ತಮ್ಮ, ಅವನಿಗೆ ಮಗುವಾದದ್ದು ಮದುವೆಯಾಗಿ ಹನ್ನೊಂದು ವರ್ಷಕ್ಕೆ. ಮೂರು ತಿಂಗಳಿಂದ ಅವಳು ಆ ಒಂದು ಗಳಿಗೆಗೇ ಕಾದಿದ್ದಳು. ಅಲ್ಲಿಯವರೆಗೆ ಗುಟ್ಟೆಂದು ಹೆಸರನ್ನು ನನಗೂ ಹೇಳಿರಲಿಲ್ಲ. ನಾಗರಾಜ ಮೋಟಾರ್ ಹೋಮಿನಲ್ಲೇ ನಮ್ಮನ್ನು ಕರೆದೊಯ್ಯುವುದೆಂದಾಯಿತು; ಅವನ ಹೆಂಡತಿ ಆಗಲೇ ರವಿಯ ಮನೆ ಸೇರಿದ್ದಳು. ಆಗ ನಾನು ಪದ್ಮಳಿಗೆ, "ನೀನು ಮನೇಲಿ ಸ್ನಾನ ಮಾಡ್ಬೇಡ, ನಾನೂ ಮಾಡಲ್ಲ. ಏಳೂವರೆಗೆ ಹೆಬ್ಬಗೋಡಿ ಸೇರ್ತೀವಿ. ಗಾಡಿ ನಿಲ್ಸಿ ಗೀಸರ್ ಹಾಕಿದ್ರೆ ಇಪ್ಪತ್ತು ನಿಮಿಷ ಕಾಯೋದು, ಹತ್ತು ನಿಮಿಷ ಸೋಕಿಂಗ್. ಎಂಟೂವರೆಗೆಲ್ಲ ಸೀರೆ ಉಟ್ಕೊಂಡಿರ್ತೀಯ" ಎಂದೆ. ಅವಳು ಒಪ್ಪಿಕೊಂಡದ್ದು ನನಗೆ ಈಗಲೂ ಆಶ್ಚರ್ಯ. "ಹೆಸರಿಡೋಕೆ ಒಂದು ನಿಮಿಷ ತಡ ಆಯ್ತೋ, ನೋಡಿ ಮತ್ತೆ" ಎಂದಷ್ಟೇ ಹೇಳಿದಳು. ಶುಭಕಾರ್ಯದ ದಿನ ಸ್ನಾನವಾಗದೆ ಅವಳು ಕಾಫಿಯನ್ನೂ ಮುಟ್ಟುವುದಿಲ್ಲ. ಅವಳು ಕಾಫಿ ಕುಡಿಯದ ಬೆಳಗ್ಗೆ ಹೇಗಿರುತ್ತದೆಂದು ನಾನು ವಿವರಿಸಲು ಹೋಗುವುದಿಲ್ಲ.

ಆರು ಗಂಟೆಗೆ ಹೊರಟೆವು. ನೇರವಾಗಿ ಹೋಗಿದ್ದರೆ ನನ್ನ ಲೆಕ್ಕ ಸರಿಹೋಗುತ್ತಿತ್ತು. ಆದರೆ ಹಿಂದಿನ ಮಂಚದ ಕುಶನ್ನನ್ನು ನಾಗರಾಜ ಮಾರತ್ತಹಳ್ಳಿಯಲ್ಲಿ ಹೊಲಿಯಲು ಕೊಟ್ಟಿದ್ದ. ಅಂಗಡಿಯವನು ಏಳಕ್ಕೇ ಬಾಗಿಲು ತೆಗೀತೀನಿ ಎಂದಿದ್ದನಂತೆ. ತೆಗೆದದ್ದು ಏಳೂ ಮುಕ್ಕಾಲಿಗೆ. ಕುಶನ್ ಹಾಕಿಕೊಂಡು ರಿಂಗ್ ರಸ್ತೆಗೆ ಇಳಿದರೆ, ಮುಂದೆಲ್ಲೋ ಒಂದು ಲಾರಿ ಅಡ್ಡ ಮಲಗಿತ್ತು. ಭಾನುವಾರವಾದ್ದರಿಂದ ರಸ್ತೆ ಖಾಲಿ ಇರುತ್ತದೆಂದು ನಾನೊಬ್ಬನೇ ಯೋಚಿಸಿದ್ದಲ್ಲ, ಬೆಂಗಳೂರಿನ ಅರ್ಧ ಜನ ಹಾಗೇ ಯೋಚಿಸಿ ಹೊರಟುಬಂದಿದ್ದರು. ಇಪ್ಪತ್ತು ನಿಮಿಷದಲ್ಲಿ ಗಾಡಿ ನಾಲ್ಕು ಮಾರು ಮುಂದೆ ಹೋಯಿತು. ಗಂಟೆ ಎಂಟೂಕಾಲು. ಪದ್ಮ ಹಿಂದಿನಿಂದ, "ರೀ, ಗೀಸರ್ ಹಾಕ್ಲಾ?" ಎಂದಳು. ನಾನು ಎರಡನೇ ಹಾಳೆಯನ್ನು ಗಟ್ಟಿಯಾಗಿ ಓದಿದೆ: ಗಾಡಿಯ ಇಂಜಿನ್ ಓಡುತ್ತಿರುವಾಗ ಯಾವ ಕಾರಣಕ್ಕೂ ಗ್ಯಾಸ್ ಹಚ್ಚಕೂಡದು. "ಹಾಗಾದ್ರೆ ಹೆಸರಿಡೋದು ಯಾರು, ನೀವಾ?" ಎಂದಳು. ಅವಳ ದನಿ ನಡುಗಿತ್ತು. ಅಲ್ಲಿಯವರೆಗೆ ಆಟದಂತೆ ಕಂಡಿದ್ದ ಪರೀಕ್ಷೆ ನನಗೆ ಮೊದಲ ಸಲ ತಪ್ಪೆನ್ನಿಸಿತು. ಆದರೆ ತಪ್ಪೆಂದು ಹೇಳುವುದಕ್ಕೆ ಬಾಯಿ ಬರಲಿಲ್ಲ. "ನೋಡೋಣ" ಎಂದೆ.

ಆಮೇಲೆ ಪದ್ಮ, "ನಾಗರಾಜ, ಅವತ್ತು ಇಂಜಿನ್ ಪೈಪು ಟ್ಯಾಂಕೊಳಗೆ ಸುತ್ತಿದೀನಿ ಅಂದ್ಯಲ್ಲ, ಅದು ಕೆಲ್ಸ ಮಾಡ್ತಿದ್ಯಾ?" ಎಂದಳು. "ಮಾಡ್ತಿದೆ ಅತ್ತಿಗೆ. ಇಂಜಿನ್ ಓಡ್ತಿದ್ರೆ ಅದರ ಬಿಸೀಲೇ ನೀರು ಕಾಯುತ್ತೆ, ಗ್ಯಾಸೇ ಬೇಡ. ಇಷ್ಟೊತ್ತಿಗೆ ಕುದೀತಿರ್ಬೇಕು. ಭಾವಂಗೆ ಹೇಳೋಕೆ ಹೋದೆ..." ಎಂದ. ಮುಂದಿನದನ್ನು ಅವನು ಹೇಳಲಿಲ್ಲ, ಒಳ್ಳೆಯವನು. ಪದ್ಮ ಬಚ್ಚಲ ಬಾಗಿಲು ಹಾಕಿಕೊಂಡಳು. ಬಕೆಟ್ಟಿಗೆ ನೀರು ಬೀಳುವ ಸದ್ದಾಯಿತು, ಚೊಂಬಿನ ಸದ್ದಾಯಿತು. ಸುತ್ತ ಬಸ್ಸುಗಳು, ಟ್ಯಾಕ್ಸಿಗಳು, ಹಾರನ್ನು, ನಡುವೆ ನನ್ನ ಹೆಂಡತಿಯ ತಲೆಸ್ನಾನ. ಬಚ್ಚಲ ನೀರು ಹಿಡಿಯುವ ಕೆಳಗಿನ ತೊಟ್ಟಿಯ ನಲ್ಲಿಯನ್ನು ಹೊರಡುವ ಮುಂಚೆ ಮುಚ್ಚಬೇಕೆಂದು ನಾನೇ ಮೂರನೇ ಹಾಳೆಯಲ್ಲಿ ಬರೆದಿದ್ದೆ, ಮುಚ್ಚಿರಲಿಲ್ಲ. ಪಕ್ಕದಲ್ಲಿ ಬೈಕು ನಿಲ್ಲಿಸಿಕೊಂಡಿದ್ದವನೊಬ್ಬ ಕಿಟಕಿ ತಟ್ಟಿ, "ಅಣ್ಣ, ಗಾಡಿ ಕೆಳಗೆ ನೀರು ಸುರೀತಿದೆ, ರೇಡಿಯೇಟರ್ ಒಡೆದಿರ್ಬೇಕು ನೋಡಿ" ಎಂದ. "ರೇಡಿಯೇಟರ್ ಚೆನ್ನಾಗಿದೆ ಗುರು, ಥ್ಯಾಂಕ್ಸ್" ಎಂದ ನಾಗರಾಜ. ಬೈಕಿನವನು ಮೂಗೆಳೆದು ನೋಡಿ, "ಸೀಗೇಕಾಯಿ ವಾಸ್ನೆ ಬರ್ತಿದ್ಯಲ್ಲಣ್ಣ" ಎಂದ. ನಾನು ಹಾಳೆಗಳನ್ನು ಮುಖಕ್ಕೆ ಅಡ್ಡ ಹಿಡಿದು ಕೂತೆ.

ಲಾರಿಯನ್ನು ಎತ್ತಿ ದಾರಿ ಬಿಟ್ಟಾಗ ಪದ್ಮ ರೇಷ್ಮೆ ಸೀರೆಯುಟ್ಟು, ಕುಂಕುಮವಿಟ್ಟು, ಅದೇ ಬಿಸಿನೀರಿನಲ್ಲಿ ಕಾಫಿಯನ್ನೂ ಬೆರೆಸಿಕೊಂಡು ಕುಡಿದಿದ್ದಳು. ಒಂಬತ್ತೂಕಾಲಿಗೆ ಹೆಬ್ಬಗೋಡಿಯಲ್ಲಿ ರವಿಯ ಮನೆ ಮುಂದೆ ಇಳಿದವಳು ನನಗೆ ಹೇಳಿದ್ದು ಇಷ್ಟೇ: "ಒಳಗೆ ಬಚ್ಚಲಿದೆ, ಎರಡು ಚೊಂಬು ಸುರ್ಕೊಂಡು ಬೇಗ ಬನ್ನಿ." ಇಲ್ಲಿ ನನ್ನ ಬುದ್ಧಿ ಕೈಕೊಟ್ಟಿತು. ಅವಳ ಸ್ನಾನ ಇಂಜಿನ್ನಿನ ಪೈಪಿನಿಂದಾದದ್ದು, ನಾನು ಬರೆದ ಪದ್ಧತಿಯ ಪರೀಕ್ಷೆ ಆಗಲೇ ಇಲ್ಲವಲ್ಲ! ಗಾಡಿ ನಿಂತಿದೆ, ಇಂಜಿನ್ ಆರಿದೆ, ನಿಯಮದ ಪ್ರಕಾರ ಇದೇ ಸರಿಯಾದ ಹೊತ್ತು. ನಾಗರಾಜನನ್ನು ಒಳಗೆ ಕಳಿಸಿ ಗ್ಯಾಸ್ ಹಚ್ಚಿದೆ. ಇಪ್ಪತ್ತು ನಿಮಿಷ ಕಾಯಿಸಿದೆ. ಹತ್ತು ನಿಮಿಷ ಸೋಕಿಂಗ್ ಬಿಟ್ಟೆ. ಆಮೇಲೆ ಟವೆಲ್ ಸುತ್ತಿಕೊಂಡು ನಲ್ಲಿ ತಿರುಗಿಸಿದರೆ ಅರ್ಧ ಬಕೆಟ್ ಕುದಿಯುವ ನೀರು ಬಂದು, ಪಂಪು ಎರಡು ಸಲ ಕೆಮ್ಮಿ ನಿಂತುಹೋಯಿತು. ಮೊದಲೇ ಕಾದಿದ್ದ ನೀರನ್ನು ನಾನು ಮತ್ತೆ ಕಾಯಿಸಿದ್ದೆ. ಬೆರೆಸಲು ತಣ್ಣೀರಿಗೆ ಕೈಹಾಕಿದರೆ ಒಂದು ಹನಿಯೂ ಇಲ್ಲ, ತಲೆಸ್ನಾನಕ್ಕೆ ಮುಗಿದಿತ್ತು. ಬೀದಿಯಲ್ಲಿ ನೆಂಟರು ಓಡಾಡುತ್ತಿದ್ದರು. ಟವೆಲ್ಲಿನಲ್ಲಿ ಹೊರಗೆ ತಲೆಹಾಕಿ ನೀರು ಕೇಳುವ ಧೈರ್ಯವಾಗಲಿಲ್ಲ. ಉಕ್ಕಾಗಿದ್ದರೆ ಎಣ್ಣೆಗೆ ಅದ್ದಬಹುದಿತ್ತು, ನೀರನ್ನು ಯಾವುದಕ್ಕೆ ಅದ್ದುವುದು? ಗಾಳಿಯಲ್ಲಿ ತಣಿಯಲೆಂದು ಬಕೆಟ್ ಮುಂದೆ ಕುಕ್ಕರುಗಾಲಲ್ಲಿ ಕೂತೆ. ಒಳಗಿನಿಂದ ಗಂಟೆ ಕೇಳಿಸಿತು, ಹೆಂಗಸರು ಆರತಿ ಹಾಡಿದ್ದು ಕೇಳಿಸಿತು, ಎಲ್ಲರೂ ಒಟ್ಟಿಗೆ ಏನೋ ಕೂಗಿ ಚಪ್ಪಾಳೆ ತಟ್ಟಿದ್ದೂ ಕೇಳಿಸಿತು. ಪದ್ಮ ಬಗ್ಗಿ ಆ ಮಗುವಿನ ಕಿವಿಗೆ ಬಾಯಿಟ್ಟ ಗಳಿಗೆ ಅದು. ಅದನ್ನು ನೋಡಬೇಕೆಂದು ನನಗೂ ತುಂಬ ಆಸೆಯಿತ್ತು.

ನಾನು ಒಳಗೆ ಹೋದಾಗ ಎಲೆ ಹಾಕುತ್ತಿದ್ದರು. ರವಿ ಮಗುವನ್ನು ತಂದು ನನ್ನ ಕೈಗಿಟ್ಟು, "ಭಾವ, ಹೆಸರು ಹಿಡಿದು ಕರೆದು ಆಶೀರ್ವಾದ ಮಾಡಿ" ಎಂದ. ಪದ್ಮಳ ಕಡೆ ನೋಡಿದೆ. ಅವಳು ಫ್ಯಾನ್ ನೋಡುತ್ತಿದ್ದಳು. "ಚಿರಂಜೀವಿಯಾಗಪ್ಪ" ಎಂದೆ. ಯಾವ ಹೆಸರಿಗಾದರೂ ಹೊಂದುವ ಮಾತು ಅದೊಂದೇ. ರವಿಯ ಅತ್ತೆ ಬಿಡಲಿಲ್ಲ, "ಹೆಸರು ಹೇಗಿದೆ, ಹಿಡಿಸ್ತಾ?" ಎಂದು ಕೇಳಿದರು. "ಬಹಳ ಒಳ್ಳೇ ಹೆಸರು. ಯಾರು ಆರಿಸಿದ್ದು?" ಎಂದೆ. ರವಿ ನಕ್ಕು ನನ್ನ ಬೆನ್ನು ತಟ್ಟಿದ. "ಏನ್ ಭಾವ, ತಮಾಷೆ ಮಾಡ್ತೀರಾ? ನೀವು ಕಳಿಸಿದ್ದ ಪಟ್ಟೀಲಿರೋದೇ ಅಲ್ವಾ!"

ಆ ಪಟ್ಟಿಯಲ್ಲಿ ನಾನು ನಲವತ್ತೊಂದು ಹೆಸರು ಬರೆದಿದ್ದೆ.