ಲಂಡನ್ನಿನಿಂದ ಮರಳಿದ ಹುಳಿಪುಡಿ

ಮುಂಬಯಿಯ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್ ಕೆಲಸಕ್ಕೆ ಸೇರಿದಾಗ, ಚಿನ್ನ ಹಿಡಿಯುತ್ತೇನೆ, ವಜ್ರ ಹಿಡಿಯುತ್ತೇನೆ ಎಂದು ನಾನು ಊರಿಗೆಲ್ಲ ಕಾಗದ ಬರೆದಿದ್ದೆ. ಹಿಡಿದದ್ದೆಲ್ಲ ಬಿಸ್ಕತ್ತು, ಚೀಸು, ಖರ್ಜೂರ. ವಿದೇಶಕ್ಕೆ ಹೋದ ನಮ್ಮವರು ಅಲ್ಲಿ ಏನು ಕಲಿತರೋ ಕಾಣೆ, ಏನು ತಿಂದರು ಎಂಬುದು ಮಾತ್ರ ಪೆಟ್ಟಿಗೆ ತೆರೆದರೆ ಗೊತ್ತಾಗುತ್ತಿತ್ತು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಯಾರ ಕೈಯಿಂದಲೂ ಒಂದು ಪೆಪ್ಪರ್‌ಮಿಂಟನ್ನೂ ತೆಗೆದುಕೊಂಡವನಲ್ಲ. ಇದನ್ನು ಹೆಂಡತಿಗೆ ವಾರಕ್ಕೆ ಎರಡು ಸಲ ಹೇಳುತ್ತಿದ್ದೆ. ಅವಳೂ ವಾರಕ್ಕೆ ಎರಡು ಸಲ ನಿಟ್ಟುಸಿರು ಬಿಡುತ್ತಿದ್ದಳು.

ದಣಿದ ಕಾಫಿ

ಬೈಕುಲ್ಲಾದಲ್ಲಿ ಹೋಟೆಲು ಇಟ್ಟಿದ್ದ ಉಡುಪಿ ಕಡೆಯವರೊಬ್ಬರು ಲಂಡನ್ ನೋಡಿಕೊಂಡು ಬಂದರು. ಪೆಟ್ಟಿಗೆಯ ತುಂಬ ಕಾಫಿಪುಡಿಯ ಡಬ್ಬಿಗಳು. "ಒಳ್ಳೇ ಫಾರಿನ್ ಮಾಲು ಮಾರಾಯ್ರೆ" ಎಂದು ಒಂದನ್ನು ನನ್ನ ಮೂಗಿಗೆ ಹಿಡಿದರು. ನಾನು ಡಬ್ಬಿಯನ್ನು ತಿರುಗಿಸಿ, ಅಡಿಯಲ್ಲಿದ್ದ ಸಣ್ಣ ಅಕ್ಷರವನ್ನು ಓದಿ ಹೇಳಿದೆ. ಬೆಳೆದದ್ದು ಮೈಸೂರು ಸೀಮೆಯಲ್ಲಿ.

ಅವರು ಡಬ್ಬಿಯನ್ನು ನನ್ನ ಕೈಯಿಂದ ತೆಗೆದು ಪೆಟ್ಟಿಗೆಗೆ ಸೇರಿಸಿದರು. ಆಮೇಲೆ, ಹಡಗಿನಲ್ಲಿ ಹೋಗಿ ವಿಮಾನದಲ್ಲಿ ಬಂದ ಕಾಫಿಗೆ ಒಂದು ಗತ್ತು ಇರುವುದಿಲ್ಲವೇ ಎಂದು ನನ್ನನ್ನೇ ಕೇಳಿ, ನಮ್ಮ ದೇಶದ ಕಾಫಿಗೆ ನಮ್ಮ ದೇಶದಲ್ಲೇ ಸುಂಕ ಕಟ್ಟಿ ಹೊರಟರು. ಮುಂದಿನ ವಾರ ಅವರ ಹೋಟೆಲಿನಲ್ಲಿ 'ಲಂಡನ್ ಕಾಫಿ' ಎಂದು ಬೋರ್ಡು ಬಿತ್ತು. ಹೋಗಿ ಕುಡಿದೆ. ಅಷ್ಟು ದೂರ ಹೋಗಿಬಂದ ಕಾಫಿ, ಪಾಪ, ಬಹಳ ದಣಿದಿತ್ತು.

ಹೊಟ್ಟೆಗೆ ಸುಂಕವಿಲ್ಲ

ಇನ್ನೊಬ್ಬರು ಗೋರೆಗಾಂವಿನ ವಕೀಲರು, ಸಂಸಾರ ಸಮೇತ ಬಂದವರು. ಮೂರು ದೊಡ್ಡ ಪೆಟ್ಟಿಗೆ ಚಾಕಲೇಟಿಗೆ ಸುಂಕ ಕೇಳಿದ್ದಕ್ಕೆ ಕನ್ನಡಕ ಏರಿಸಿ ನನಗೆ ಪಾಟೀಸವಾಲು ಹಾಕಿದರು. ಹೊಟ್ಟೆಯೊಳಗೆ ಇರುವ ವಸ್ತುವಿಗೆ ಸುಂಕ ಉಂಟೇ? ನಾನು ಪುಸ್ತಕ ತೆಗೆದು ನೋಡಿದೆ. ತಿಂದ ತಿಂಡಿಯ ವಿಷಯ ಅದರಲ್ಲಿ ಇರಲಿಲ್ಲ.

ಗಂಡ, ಹೆಂಡತಿ, ಅತ್ತೆ ಮೂವರೂ ಬೆಂಚಿನ ಮೇಲೆ ಸಾಲಾಗಿ ಕುಳಿತು ತಿನ್ನತೊಡಗಿದರು. ಎರಡನೆಯ ಪೆಟ್ಟಿಗೆಗೆ ಬರುವ ಹೊತ್ತಿಗೆ ಅತ್ತೆಯವರು ಕಣ್ಣು ಮುಚ್ಚಿ ಏನೋ ಜಪಿಸುತ್ತಿದ್ದರು. ವಕೀಲರು ನನಗೂ ಒಂದು ಹಿಡಿ ಚಾಚಿದರು. ಪೆಪ್ಪರ್‌ಮಿಂಟಿನ ಮಾತು ಅವರಿಗೂ ಹೇಳಿದೆ. ಕಾಸು ಬಿಚ್ಚದೆ ಗೆದ್ದು ಹೊರಟರು. ಟ್ಯಾಕ್ಸಿ ಮನೆ ಮುಟ್ಟುವುದರೊಳಗೆ ನಾಲ್ಕು ಕಡೆ ನಿಂತಿತೆಂದು ಆಮೇಲೆ ಅದರ ಡ್ರೈವರನೇ ಹೇಳಿದ.

ಎರಡು ಡಬ್ಬಿ

ಸಯನ್ನಿನಲ್ಲಿ ನಮ್ಮ ಬಿಲ್ಡಿಂಗಿನ ಮೇಲಿನ ಮಹಡಿಯಲ್ಲಿ ಮೈಸೂರಿನ ಒಬ್ಬ ಅಮ್ಮನವರಿದ್ದರು, ಮಹಾ ಮಡಿವಂತೆ. ಅವರ ಒಬ್ಬನೇ ಮಗ ಇಂಜಿನಿಯರು. ಕಂಪನಿಯವರು ಅವನನ್ನು ಒಂದು ವರ್ಷ ಲಂಡನ್ನಿಗೆ ಕಳಿಸಿದಾಗ, ಹೊರಗಿನದು ಮುಟ್ಟುವುದಿಲ್ಲವೆಂದು ಆಣೆ ಮಾಡಿಸಿ, ಹಿತ್ತಾಳೆ ಡಬ್ಬಿಯ ತುಂಬ ಹುಳಿಪುಡಿ ಕೊಟ್ಟು ಕಳಿಸಿದ್ದರು.

ಅವನು ಮರಳಿದ ದಿನ ಕೌಂಟರಿನಲ್ಲಿ ನಾನೇ ಇದ್ದೆ. ಪೆಟ್ಟಿಗೆ ತೆರೆದರೆ ಅದೇ ಡಬ್ಬಿ, ಬಾಯಿಯವರೆಗೆ ಅದೇ ಪುಡಿ. ಸುಂಕವಿಲ್ಲ, ಹೋಗು ಎಂದೆ. ಅವನು ಹೋಗಲಿಲ್ಲ. "ಸರ್, ದಯವಿಟ್ಟು ಇದನ್ನ ಜಪ್ತಿ ಮಾಡಿ" ಎಂದ.

ವಿಷಯ ಇಷ್ಟೆ. ವರ್ಷವಿಡೀ ಕ್ಯಾಂಟೀನಿನಲ್ಲಿ ಆಮ್ಲೆಟ್ಟು, ಇನ್ನೂ ಏನೇನೋ ಆಗಿದೆ. ತಾಯಿ ಹೊರಗೆ ಕಾಯುತ್ತಿದ್ದಾರೆ, ಮೊದಲು ನೋಡುವುದೇ ಡಬ್ಬಿ. ತುಂಬಿದ್ದು ಕಂಡರೆ ಅಡಿಗೆಮನೆಗೆ ಸೇರಿಸುವುದಿಲ್ಲ, ಬಡಿಸುವುದೂ ಇಲ್ಲ. ಲಂಡನ್ನಿನಲ್ಲೇ ಏಕೆ ಸುರಿದು ಬರಲಿಲ್ಲ ಎಂದು ಕೇಳಿದೆ. ಅಮ್ಮನ ಕೈಯ ಪದಾರ್ಥ, ಬಿಸಾಡಿದರೆ ಪಾಪವಂತೆ. ಆಮ್ಲೆಟ್ಟಿಗೆ ಅಡ್ಡ ಬರದ ಧರ್ಮ ಪುಡಿಗೆ ಅಡ್ಡ ಬಂದಿತ್ತು.

ಬೈದು ಕಳಿಸಬೇಕೆಂದಿದ್ದೆ. ಆದರೆ ಹುಡುಗನ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು, ನನಗೆ ಅಯ್ಯೋ ಅನ್ನಿಸಿತು. ಪುಡಿಯನ್ನು ಹಳೆಯ ಪತ್ರಿಕೆಗೆ ಸುರಿದುಕೊಂಡು ಖಾಲಿ ಡಬ್ಬಿ ಅವನಿಗೆ ಕೊಟ್ಟೆ. ಪೊಟ್ಟಣ ನನ್ನ ಚೀಲದಲ್ಲಿ ಬಸ್ಸು ಹತ್ತಿ ಸಯನ್ನಿಗೆ ಬಂತು.

ಮರುದಿನ ಬೆಳಿಗ್ಗೆ ಹೆಂಡತಿ ಹುಳಿ ಕುದಿಸಿದಳು. ವರ್ಷವಾದರೂ ಘಮ ಹೋಗಿರಲಿಲ್ಲ. ಲಂಡನ್ನಿನಲ್ಲಿ ಯಾರಾದರೂ ಮುಚ್ಚಳ ತೆಗೆದಿದ್ದರೆ ತಾನೇ ಹೋಗುವುದು? ಆ ಘಮ ಮೆಟ್ಟಿಲು ಹತ್ತಿತು. ಅಮ್ಮನವರು ಮೆಟ್ಟಿಲು ಇಳಿದರು.

ಬಾಗಿಲಲ್ಲೇ ನಿಂತು ಮೂಗು ಅರಳಿಸಿ ಹೇಳಿದರು: "ಮರಾಟಿ ಮೊಗ್ಗು ಒಂದು ಹೆಚ್ಚಿಗೆ ಹಾಕೋದು ಈ ಬಿಲ್ಡಿಂಗಿನಲ್ಲಿ ನಾನೊಬ್ಬಳೇ. ಪುಡಿಯೆಲ್ಲ ಬಳಿದು ತಿಂದೆ ಅಂತ ಮಗ ಹೇಳ್ತಾನೆ. ಪುಡಿ ನೋಡಿದರೆ ನಿಮ್ಮ ಒಲೆ ಮೇಲಿದೆ. ಅವನು ಸುಳ್ಳನೋ, ನೀವು ಕಳ್ಳರೋ, ಒಂದು ಹೇಳಿಬಿಡಿ ರಾಯರೇ."

ಹೆಂಡತಿ ಸೌಟು ಹಿಡಿದು ನನ್ನನ್ನೇ ನೋಡುತ್ತಿದ್ದಳು. ಮೆಟ್ಟಿಲಿನ ಮೇಲೆ ಹುಡುಗ ಕೈ ಮುಗಿದು ನಿಂತಿದ್ದ. ಇಷ್ಟು ವರ್ಷ ಕಾಪಾಡಿಕೊಂಡ ಪೆಪ್ಪರ್‌ಮಿಂಟಿನ ಕೀರ್ತಿಯನ್ನು ಅಲ್ಲೇ ಬಿಟ್ಟುಕೊಟ್ಟೆ.

"ನಾನೇ ಕಳ್ಳ. ಅವನು ತಿಂದು ಮಿಕ್ಕದ್ದನ್ನ ಕಿತ್ತುಕೊಂಡೆ. ನನ್ನ ಮಾನ ಉಳಿಸೋಕೆ ಎಲ್ಲಾ ತಿಂದೆ ಅಂದಿದ್ದಾನೆ" ಎಂದೆ.

ಅಮ್ಮನವರ ಮುಖ ಅರಳಿತು. "ಸದ್ಯ! ಮಗ ಕೆಟ್ಟನೇನೋ ಅಂತ ಹೆದರಿದ್ದೆ. ನೀವು ತಾನೇ, ಪರವಾಗಿಲ್ಲ" ಎಂದು ಹೇಳಿ, ಹುಳಿಗೆ ಉಪ್ಪು ಸಾಲದೆಂದು ನನ್ನ ಹೆಂಡತಿಗೆ ತಿಳಿಸಿ ಮೇಲೆ ಹೋದರು.

ಆರು ತಿಂಗಳಾದ ಮೇಲೆ ಹುಡುಗ ಮತ್ತೆ ಲಂಡನ್ನಿಗೆ ಹೊರಟ. ಈ ಸಲ ಅಮ್ಮನವರು ಎರಡು ಡಬ್ಬಿ ತುಂಬಿ, ಒಂದು ಮಗನಿಗೆ, ಇನ್ನೊಂದು ಕಸ್ಟಮ್ಸಿನವರಿಗೆ ಎಂದು ಇಡೀ ಬಿಲ್ಡಿಂಗಿಗೆ ಕೇಳುವಂತೆ ಹೇಳಿ ಕಳಿಸಿದರು. ನಿಲ್ದಾಣದಲ್ಲಿ ಹುಡುಗ ಎರಡನ್ನೂ ನನ್ನ ಮೇಜಿನ ಮೇಲಿಟ್ಟು, ಸುತ್ತ ನೋಡಿ, ಮೆಲ್ಲಗೆ ಹೇಳಿದ:

"ಈ ಸಲ ಹೋಗುವಾಗಲೇ ಜಪ್ತಿ ಮಾಡಿಬಿಡಿ ಸರ್."