ನಡೆದು ಬಂದ ಗೊಬ್ಬರ

ನನ್ನ ಕಣ್ಣೆದುರಿನಲ್ಲಿ ಯಾರೋ ಹಸಿದುಕೊಂಡಿದ್ದಾರೆ ಎಂಬ ಚಿಂತೆ ನನ್ನನ್ನು ಬಿಟ್ಟ ದಿನವೇ ಇಲ್ಲ. ಎಂಟು ತಿಂಗಳ ಮಗಳು ಆಕಳಿಸಿದರೆ ಹಸಿವು. ಸೀನಿದರೂ ಹಸಿವು. "ಮಗು ಗುಂಡುಕಲ್ಲಿನ ಹಾಗಿದೆ, ತಿನ್ನಿಸೋದು ಸ್ವಲ್ಪ ಕಡಿಮೆ ಮಾಡಿ" ಎಂದು ಡಾಕ್ಟರು ಹೇಳಿದ ದಿನವೇ ನಾನು ಡಾಕ್ಟರನ್ನು ಬದಲಾಯಿಸಿದೆ!

ಇಂಥವಳ ಕೈಗೆ ಪಕ್ಕದ ಮನೆಯ ಪಾರ್ವತಮ್ಮನವರು ಹನ್ನೆರಡು ಕುಂಡಗಳನ್ನು ಒಪ್ಪಿಸಿ, ಮಗಳ ಬಾಣಂತನಕ್ಕೆಂದು ಹೊಳಲ್ಕೆರೆಗೆ ಹೊರಟರು. ಹಿರಿಯೂರಿನ ಕ್ವಾರ್ಟರ್ಸಿನಲ್ಲಿ ನಮ್ಮದೂ ಅವರದೂ ಗೋಡೆಗೆ ಗೋಡೆ ಅಂಟಿದ ಮನೆ, ಒಂದೇ ಕಾಂಪೌಂಡು. ನನ್ನ ಬಾಣಂತನದಲ್ಲಿ ಮೂರು ತಿಂಗಳು ಮೆಣಸಿನ ಸಾರು ಕಳಿಸಿದ ಪುಣ್ಯಾತ್ಗಿತ್ತಿ ಅವರು. ಕುಂಡಗಳಲ್ಲಿದ್ದದ್ದು ಲೋಳೆಸರ, ಕಾಡುಬಸಳೆ, ಬಗೆಬಗೆಯ ಕಳ್ಳಿ. ಎಲ್ಲ ಮೈತುಂಬ ರಸ ತುಂಬಿಕೊಂಡ ಗಿಡಗಳು. ಅವುಗಳಲ್ಲಿ ಚೆನ್ನಾಗಿರುವುದನ್ನು ಯುಗಾದಿಯ ಹೊತ್ತಿಗೆ ದುರ್ಗದ ಪುಷ್ಪ ಪ್ರದರ್ಶನಕ್ಕೆ ಒಯ್ಯಬೇಕೆಂದು ಅವರಿಗೆ ಮೂರು ವರ್ಷದ ಆಸೆ.

"ಹದಿನೈದು ದಿನಕ್ಕೊಂದು ಲೋಟ ನೀರು ಹಾಕು. ಮತ್ತೇನೂ ಮಾಡ್‌ಬ್ಯಾಡ" ಎಂದರು ಬಸ್ಸು ಹತ್ತುವಾಗ.

ಏನೂ ಮಾಡಬಾರದೆ? ಮೈಸೂರಿನಲ್ಲಿ ಬಾಟನಿ ಓದಿ ಫಸ್ಟ್ ಕ್ಲಾಸ್ ಪಡೆದವಳು ನಾನು! ತಿಂಗಳಾದರೂ ಒಂದು ಗಿಡವೂ ಒಂದಿಂಚು ಬೆಳೆದಿರಲಿಲ್ಲ. ಹೂವಿನ ಸುಳಿವಂತೂ ಇಲ್ಲ. "ಪಾರ್ವತಮ್ಮನವರು ಬರುವಷ್ಟರಲ್ಲಿ ಹನ್ನೆರಡರಲ್ಲೂ ಹೂವರಳಿಸದಿದ್ದರೆ ನನ್ನ ಡಿಗ್ರಿ ಒಲೆಗೆ!" ಎಂದು ಶಪಥ ಮಾಡಿದೆ.

"ಸದ್ಯ ಒಲೆಗೆ ಸೌದೆಯೂ ಸಿಗುತ್ತಿಲ್ಲ, ಅನುಕೂಲವೇ ಆಯಿತು" ಎಂದರು ನಮ್ಮವರು, ಪೇಪರಿನಿಂದ ತಲೆ ಎತ್ತದೆ.

ಟ್ರಂಕಿನ ತಳದಿಂದ ತೋಟಗಾರಿಕೆಯ ಪುಸ್ತಕ ತೆಗೆದೆ. "ರಸಭರಿತ ಸಸ್ಯಗಳಿಗೂ ಬೆಳೆಯುವ ಕಾಲದಲ್ಲಿ ಗೊಬ್ಬರ ಬೇಕು" ಎಂಬ ವಾಕ್ಯ ಸಿಕ್ಕಿತು. ನೋಡಿದಿರಾ? ಹಸಿದಿದ್ದವು ಪಾಪ! ಪುಟ ತಿರುಗಿಸುವಷ್ಟರಲ್ಲಿ ಮಗಳು ಸೀನಿದಳು. ಪುಸ್ತಕ ಮುಚ್ಚಿ ಅವಳ ಹಾಲಿನ ಪುಡಿಯ ಡಬ್ಬಕ್ಕೆ ಕೈ ಹಾಕಿದೆ.

ಎಲ್ಲಕ್ಕಿಂತ ಹೆಚ್ಚು ಕರುಳು ಚುರ್ರೆಂದದ್ದು ಪಾರ್ವತಮ್ಮನವರ ಬಾಗಿಲ ಮೇಲೆ ದೃಷ್ಟಿಗೆಂದು ಕಪ್ಪು ದಾರದಲ್ಲಿ ತಲೆಕೆಳಗಾಗಿ ಕಟ್ಟಿದ್ದ ಲೋಳೆಸರ ನೋಡಿ. ಮಣ್ಣಿಲ್ಲ, ನೀರಿಲ್ಲ, ಬೇರು ಮೇಲೆ, ತಲೆ ಕೆಳಗೆ! ಅದಕ್ಕೂ ಏನಾದರೂ ಉಣಿಸೋಣವೆಂದು ಸ್ಟೂಲು ಹತ್ತಿದೆ. ನಾಲ್ಕಡಿ ಹತ್ತಿಂಚಿನವಳಾದ ನನಗೆ ಕೈ ಎಟುಕಲಿಲ್ಲ. ಸ್ಟೂಲು ಅಲುಗಾಡಿತು. ಇಳಿದೆ.

ಮರುದಿನ ಪಾತ್ರೆ ತೊಳೆಯಲು ಬಂದ ಚಿತ್ತಮ್ಮನನ್ನು ಕೇಳಿದೆ. ಅವಳ ಅಣ್ಣ ಕಾಟಯ್ಯ ಜವನಗೊಂಡನಹಳ್ಳಿ ಕಡೆಯಲ್ಲಿ ಕುರಿ ಸಾಕಿಕೊಂಡಿದ್ದ.

"ಚಿತ್ತಮ್ಮ, ಕುರಿಗೊಬ್ಬರ ಬೇಕಲ್ಲ?"

"ಎಷ್ಟು ಬೇಕ್ರವ್ವ?"

"ಎಷ್ಟಾದರೂ ಸರಿ. ಕಾಂಪೌಂಡಿಗೆಲ್ಲ ಆಗಲಿ. ತಾಜಾ ಇರಬೇಕು ಅಷ್ಟೆ!"

"ಹಂಗಾದ್ರೆ ನೀವು ಸುಮ್ಕಿರ್ರಿ. ನಮ್ಮಣ್ಣಂಗೆ ಹೇಳ್ತೀನಿ. ಹೊಳೆ ಕಡೀಗೆ ಮೇಯಿಸ್ಕಂಡು ಬರೋನು ಅದಾನೆ."

ಒಂದು ಪುಟ್ಟಿ ಗೊಬ್ಬರ ಬರುತ್ತದೆ ಎಂದುಕೊಂಡೆ. ನಾಲ್ಕನೆಯ ದಿನ ಇಳಿಹೊತ್ತಿನಲ್ಲಿ ಗೇಟಿನ ಕಡೆಯಿಂದ ಧೂಳೆದ್ದಿತು. ಧೂಳಿನ ಹಿಂದೆ ಕುರಿ. ಕುರಿಯ ಹಿಂದೆ ಕುರಿ. ಒಟ್ಟು ಎಂಬತ್ತು! ಹೆಗಲ ಮೇಲೆ ಕಂಬಳಿ ಹೊತ್ತ ಕಾಟಯ್ಯ ಕೈಮುಗಿದ.

"ಅಮ್ಮಾರೆ, ಮಂದೆ ಎಲ್ಲಿ ಕೂರ್ಸಾಣ?"

"ಮಂದೆ ಯಾಕಪ್ಪ? ನಾನು ಕೇಳಿದ್ದು ಗೊಬ್ಬರ!"

"ಅದುಕ್ಕೇ ಅಲ್ವೇನ್ರಿ ಬಂದಿರೋದು? ತಾಜಾ ಬೇಕು ಅಂದ್ರಂತೆ. ಹೊತ್ಕಂಡು ಬರೋದ್ಯಾಕೆ, ಅವೇ ನಡ್ಕಂಡು ಬಂದವೆ. ಒಂದು ರಾತ್ರಿ ಮಲಗಿದ್ರೆ ಸಾಕು, ಗಂಜಳ ಹಿಕ್ಕೆ ಎಲ್ಲ ಅಲ್ಲೇ ಬೀಳ್ತಾವೆ."

ಈ ಸೀಮೆಯಲ್ಲಿ ಹೊಲಕ್ಕೆ ಗೊಬ್ಬರ ಬೇಕೆಂದರೆ ಕುರಿ ಹಿಂಡನ್ನೇ ತಂದು ರಾತ್ರಿ ಅಲ್ಲೇ ಮಲಗಿಸುತ್ತಾರಂತೆ. ನನ್ನ ಬಾಟನಿಯಲ್ಲಿ ಅದು ಇರಲಿಲ್ಲ.

"ಬೋರಪ್ಪಗೌಡ್ರ ಹೊಲ ಬಿಟ್ಟು ಬಂದೀನ್ರಿ. ಕೈಗೂಸಿನ ತಾಯಿ, ನಿಮ್ ತಾವ ಏನೂ ಈಸ್ಕಳಲ್ಲ" ಎಂದ ಆ ಮಹಾನುಭಾವ. ಹೀಗಂದವನನ್ನು ಹಿಂದಕ್ಕೆ ಕಳಿಸುವುದು ಹೇಗೆ?

ಆರು ಗಂಟೆಗೆ ನಮ್ಮವರು ಬಂದರು. ಸೈಕಲ್ಲನ್ನು ತಲೆಯ ಮೇಲೆತ್ತಿಕೊಂಡು ಕುರಿಗಳ ನಡುವೆ ಹೊಳೆ ದಾಟುವವರಂತೆ ದಾಟಿ ಬಂದರು.

"ಇದೇನೇ ಇದು?"

"ಗೊಬ್ಬರ, ರೀ."

"ಗೊಬ್ಬರಕ್ಕೆ ಕಾಲಿವೆಯಲ್ಲೇ!"

ಅಷ್ಟರಲ್ಲಿ ಪಾರ್ವತಮ್ಮನವರ ಜಗುಲಿಯಿಂದ ಕುಂಡ ಉರುಳಿದ ಸದ್ದು ಬಂತು. ಓಡಿದೆವು. ಕುರಿಗಳ ಜೊತೆ ಬಂದಿದ್ದ ನಾಲ್ಕು ಮೇಕೆಗಳು ಸಾಲಾಗಿ ನಿಂತು, ಮದುವೆ ಪಂಕ್ತಿಯಲ್ಲಿ ಕುಳಿತವರಂತೆ ಸಾವಕಾಶವಾಗಿ ಊಟ ಮಾಡುತ್ತಿದ್ದವು!

"ಕುರಿ ಅಂಥಾವು ಮುಟ್ಟಲ್ರಿ" ಎಂದ ಕಾಟಯ್ಯ ಅವುಗಳನ್ನು ಅಟ್ಟುತ್ತ. "ಈ ಮ್ಯಾಕೆಗುಳಿಗೆ ಮಾತ್ರ ಮಾನ ಮರ್ವಾದೆ ಇಲ್ಲ."

ಏಳು ಕುಂಡ ಬರಿದು. ಉಳಿದದ್ದು ಮುಳ್ಳಿದ್ದ ಐದು. ಇವನ್ನಾದರೂ ಹೂವಿಗೆ ತರಬೇಕು! ಬೆಳಗ್ಗೆ ಕಾಟಯ್ಯ ಹಿಂಡು ಹೊರಡಿಸಿದ ಕೂಡಲೇ ಬಿಸಿಬಿಸಿ ಹಿಕ್ಕೆಯನ್ನು ಬಾಚಿ ಬಾಚಿ ಐದಕ್ಕೂ ಕಂಠಮಟ್ಟ ತುಂಬಿದೆ. ದಿನಾ ಎರಡು ಚೊಂಬು ನೀರು. ಹತ್ತು ದಿನದಲ್ಲಿ ಐದೂ ಬೆಂದ ಬದನೆಕಾಯಿಯ ಹಾಗೆ ಮೆತ್ತಗಾಗಿ, ಒಂದರ ಮೇಲೊಂದು ಒರಗಿಕೊಂಡವು.

ಆಗ ಪುಸ್ತಕದ ಆ ಪುಟ ತಿರುಗಿಸಿದೆ. ಹಸಿ ಗೊಬ್ಬರ ಕೂಡದು, ಬೇರು ಸುಡುತ್ತದೆ. ಚೆನ್ನಾಗಿ ಕಳಿತದ್ದನ್ನು ಒಂದು ಹಿಡಿ. ರಾಸಾಯನಿಕವಾದರೆ ನೀರಿನಲ್ಲಿ ಅರ್ಧಕ್ಕರ್ಧ ತೆಳು ಮಾಡಿ, ಮಣ್ಣು ತೇವವಿದ್ದಾಗ, ತಿಂಗಳಿಗೊಮ್ಮೆ. ಸಾರಜನಕ ಹೆಚ್ಚಾದರೆ ಮೈ ಮೆತ್ತಗಾಗುತ್ತದೆ, ಹೂ ಬಿಡುವುದಿಲ್ಲ. ಎಲ್ಲವೂ ಅಲ್ಲಿತ್ತು, ಒಂದು ಸೀನಿನ ಆಚೆ.

ಪಾರ್ವತಮ್ಮನವರು ಶುಕ್ರವಾರ ಬರುವುದಾಗಿ ಕಾರ್ಡು ಬಂತು. ಬಂದು ಬರಿಯ ಕುಂಡ ನೋಡುವ ಮೊದಲು ನಾನೇ ಹೇಳಬೇಕು. ಅವರ ಅಳಿಯನ ಅಡಿಕೆ ಮಂಡಿಯಲ್ಲಿ ಫೋನಿತ್ತು, ನಮ್ಮವರ ಆಫೀಸಿನಲ್ಲೂ ಇತ್ತು. ಸೋಮವಾರ ಟ್ರಂಕ್ ಕಾಲ್ ಬುಕ್ ಮಾಡಿ, ಧೈರ್ಯ ಸಾಲದೆ ಕ್ಯಾನ್ಸಲ್ ಮಾಡಿಸಿದೆ. ಮಂಗಳವಾರ ಬುಕ್ಕು, ಕ್ಯಾನ್ಸಲ್ಲು. ಬುಧವಾರವೂ ಅಷ್ಟೆ. ಎಕ್ಸ್‌ಚೇಂಜಿನ ಜಂಪಣ್ಣ ನನ್ನ ದನಿ ಗುರುತು ಹಿಡಿಯುವಂತಾದ.

"ಹೊಳಲ್ಕೆರೆ ತಾನೇ ಮೇಡಂ? ಬುಕ್ ಮಾಡ್ಲೋ, ಕ್ಯಾನ್ಸಲ್ ಮಾಡ್ಲೋ?"

ಗುರುವಾರ ಬೆಳಗ್ಗೆ ಅವರ ಜಗುಲಿ ಗುಡಿಸಿ, ಇನ್ನೊಮ್ಮೆ ಧೈರ್ಯ ತಂದುಕೊಳ್ಳೋಣವೆಂದು ಮೇಲೆ ನೋಡಿದೆ. ನೋಡಿದವಳು ಪೊರಕೆ ಕೈಬಿಟ್ಟೆ. ನೇರವಾಗಿ ನಮ್ಮವರ ಆಫೀಸಿಗೆ ನಡೆದೆ, ಮಗಳನ್ನು ಕಂಕುಳಲ್ಲಿ ಇಟ್ಟುಕೊಂಡು. ಈ ಸಲ ಬುಕ್ ಮಾಡಿದ ಕಾಲನ್ನು ಕ್ಯಾನ್ಸಲ್ ಮಾಡಿಸದೆ, ಪಾರ್ವತಮ್ಮನವರು ಮಂಡಿಗೆ ಬಂದು ಫೋನು ಹಿಡಿಯುವವರೆಗೆ ಕಾದೆ.

"ಪಾರ್ವತಮ್ಮನೋರೇ, ನಾನು. ಏಳು ಮೇಕೆ ತಿಂದವು, ಐದು ನನ್ನ ಗೊಬ್ಬರಕ್ಕೆ ಕೊಳೆತವು, ಹನ್ನೆರಡೂ ಹೋದವು, ದುರ್ಗಕ್ಕೆ ಒಯ್ಯೋಕೆ ಒಂದೂ ಇಲ್ಲ, ತಪ್ಪಾಯ್ತು!" ಒಂದೇ ಉಸಿರಿಗೆ ಮುಗಿಸಿದೆ.

ಫೋನಿನ ತಂತಿಗೆ ಕೈಹಾಕಿದ ಮಗಳನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿದೆ.

"ಮಗೀಗೇನೂ ಆಗಿಲ್ಲ ತಾನೇ?" ಎಂದರು ಅತ್ತಲಿಂದ.

"ಇಲ್ಲ, ಚೆನ್ನಾಗಿದಾಳೆ."

"ಅವಳಿಗೂ ಹಿಂಗೇ ಗೊಬ್ಬರ ಹಾಕ್ತಿದೀಯೇನೋ ಅಂತ ದಿಗಿಲಾತು." ದೊಡ್ಡ ನಿಟ್ಟುಸಿರು ಕೇಳಿಸಿತು. "ಹೋಗ್ಲಿ ಬಿಡು. ಬಾಗಿಲ ಮ್ಯಾಲಿನ ಲೋಳೆಸರನಾದ್ರೂ ಐತಾ?"

"ಇದೆ. ಅದು..." ದನಿ ಏರಿಸಿದೆ. "ಹೂವು ಬಿಟ್ಟಿದೆ! ಇಷ್ಟುದ್ದ ಕಡ್ಡಿ, ಕೆಳಗಿನಿಂದ ಮೇಲಕ್ಕೆ ಬಾಗಿಕೊಂಡು."

"ಹೂವಾ? ಮೂರು ವರ್ಷದಾಗೆ ಒಂದು ದಿನಾನೂ ಬಿಟ್ಟಿರಲಿಲ್ಲವಲ್ಲೇ! ಏನ್ ಹಾಕ್ದೆ ಅದುಕ್ಕೆ?"

"ಏನೂ ಇಲ್ಲ."

"ಏನೂ ಇಲ್ವಾ?"

"ಹಾಕೋಣ ಅಂತಲೇ ಹೋಗಿದ್ದೆ. ಸ್ಟೂಲು ಹತ್ತಿದರೂ ಕೈ ಎಟುಕಲಿಲ್ಲ."

ಹೊಳಲ್ಕೆರೆಯ ಮಂಡಿಯಲ್ಲಿ ಪಾರ್ವತಮ್ಮನವರ ನಗು ಒಡೆಯಿತು. "ಅದನ್ನೇ ದುರ್ಗಕ್ಕೆ ಒಯ್ಯಾಣ ಬಿಡೇ! ನಾಳೆ ನಾನು ಬರೋಗಂಟ ಆ ಕಡೆ ತಲೆ ಹಾಕ್‌ಬ್ಯಾಡ!" ನಗುವಿನ ಜೊತೆಗೆ ಇನ್ನೊಂದು ನಗುವೂ ಕೇಳಿಸಿತು, ತೀರ ಹತ್ತಿರದ್ದು, ಗಂಡಸಿನದು. ಅದು ಕೆಮ್ಮಾಗಿ, ಕೆಮ್ಮು ಮಾತಾಯಿತು.

"ಮೇಡಂ, ಮೂರು ನಿಮಿಷ ಆತು, ಲೈನ್ ಕಟ್ ಮಾಡ್ತೀನ್ರಿ" ಎಂದ ಜಂಪಣ್ಣ. "ಆ ಸ್ಟೂಲು ಮಾತ್ರ ಇವತ್ತೇ ನಮ್ಮ ಎಕ್ಸ್‌ಚೇಂಜಿಗೆ ಕಳಿಸಿಬಿಡ್ರಿ. ನಾಳೆತಂಕ ನಾವೇ ಅದರ ಮ್ಯಾಲೆ ಕುಂತ್ಕಂಡಿರ್ತೀವಿ!"